ಈ ವಾರ ಕರೆದವರು

ನಮ್ಮ ಚಿತ್ರಕಲಾ ಶಾಲೆಯ ಗ್ರಂಥಾಲಯದ ಬಾಗಿಲ ಹೊರಗೆ ಒಂದು ಸ್ಟೂಲು. ಅದರ ಮೇಲೆ ಒಂದು ಕೊಡ ನೀರು, ಚೊಂಬು, ಸೋಪಿನ ಡಬ್ಬಿ, ಒರೆಸಿಕೊಳ್ಳಲು ಹಳೆಯ ಪಂಚೆಯ ತುಂಡು. ಒಳಗೆ ಹೋಗಬೇಕಾದವರು ಕೈ ತೊಳೆದು, ಹೊಸ್ತಿಲಲ್ಲಿ ನಿಂತು ಎರಡೂ ಅಂಗೈ ಚಾಚಬೇಕಿತ್ತು. ಮೇಡಂ ಕುರ್ಚಿಯಿಂದ ಏಳದೆ ಕನ್ನಡಕದ ಮೇಲಿಂದ ನೋಡುತ್ತಿದ್ದರು.

"ತಿರುಗ್ಸು. ಉಗುರು?"

ಇದ್ದಿಲಿನಲ್ಲಿ ಬರೆಯುವವರ ಉಗುರಿನ ಸಂದಿಯ ಕಪ್ಪು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಮೊದಲ ದಿನ ನನ್ನನ್ನು ಎರಡು ಸಲ ವಾಪಸ್ಸು ಕಳಿಸಿದರು. ಹಿಂದೆ ನಿಂತಿದ್ದ ನಮ್ಮ ತರಗತಿಯ ಶಿವು, "ಅಡುಗೆಮನೆಗಿಂತ ಮಡಿ ಜಾಸ್ತಿ ಆಯ್ತಲ್ಲ ಇಲ್ಲಿ" ಎಂದು ಗೊಣಗಿದ. ಅದು ಒಳಗೆ ಕೇಳಿಸಿತು.

"ಅಡುಗೆಮನೇಲಿ ಚೆಲ್ಲಿದ್ರೆ ಇನ್ನೊಂದ್ಸಲ ಮಾಡ್ಬೋದು ಕಣೋ. ಈ ಪುಸ್ತಕ ಇನ್ನೊಂದ್ಸಲ ಅಚ್ಚಾಗಲ್ಲ" ಎಂದರು ಮೇಡಂ.

ಅವರು ತೀರಿಕೊಂಡು ಒಂದು ತಿಂಗಳಾಯಿತು. ಶಾಲೆಯ ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ಬರೆದುಕೊಡು ಎಂದು ಪ್ರಿನ್ಸಿಪಾಲರು ಹೇಳಿದ್ದಾರೆ. ನಾನು ದಿನಚರಿ ಬರೆಯುವವಳು, ತಾರೀಖು ತಪ್ಪುವುದಿಲ್ಲ, ಅದಕ್ಕೇ ನನಗೆ ಹೇಳಿದರೋ ಏನೋ. ಆದರೆ ನನ್ನ ದಿನಚರಿಯಲ್ಲಿ ಇರುವುದು ಎಲ್ಲಿಗೆ ಹೋದೆವು, ಎಷ್ಟು ಜನ ಹೋದೆವು, ಯಾವ ಬಸ್ಸು ಎಂಬ ಲೆಕ್ಕ. ಮೇಡಂ ಎಲ್ಲಿ ಹುಟ್ಟಿದರು, ಯಾಕೆ ಮದುವೆಯಾಗಲಿಲ್ಲ ಎಂಬುದು ಅದರಲ್ಲಿಲ್ಲ. ಅರಸೀಕೆರೆಯಲ್ಲಿ ಅಣ್ಣನ ಮನೆಯ ಮುಂಭಾಗದ ಕೋಣೆಯಲ್ಲಿದ್ದರು, ಮೈಸೂರಿನಲ್ಲಿ ಗ್ರಂಥಾಲಯ ವಿಜ್ಞಾನ ಓದಿದ್ದರು, ಕಾಫಿಗೆ ಸಕ್ಕರೆ ಹಾಕುತ್ತಿರಲಿಲ್ಲ. ಇಷ್ಟು ಗೊತ್ತು. ಅವರಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ ಎಂಬುದೂ ಗೊತ್ತು, ಏಕೆಂದರೆ ಅದನ್ನು ಅವರೇ ಎಲ್ಲರಿಗೂ ಹೇಳುತ್ತಿದ್ದರು. "ನಾನು ಬಿಂದಿಗೆ ಬರೆದ್ರೂ ಬದನೆಕಾಯಿ ಆಗುತ್ತೆ."

ಗ್ರಂಥಾಲಯವೆಂದರೆ ಒಂದು ಉದ್ದನೆಯ ಕೋಣೆ. ಗಾಜಿನ ಬೀರುಗಳಲ್ಲಿ ಭಾರದ ಚಿತ್ರಸಂಪುಟಗಳಿವೆ. ಅವನ್ನು ಕೊಳ್ಳುವ ಶಕ್ತಿ ನಮ್ಮ ಶಾಲೆಗಿಲ್ಲ; ಹೆಚ್ಚಿನವು ನಿವೃತ್ತ ಮೇಷ್ಟರುಗಳ ಮನೆಗಳಿಂದ, ಒಂದೆರಡು ಮಠದಿಂದ ಬಂದವು. ಮೇಡಂ ಅವರ ಸ್ವಂತ ಬೆಳೆ ಇದ್ದದ್ದು ಕಿಟಕಿಯ ಕೆಳಗಿನ ಮರದ ಖಾನೆಗಳಲ್ಲಿ. ಅಲ್ಲಿ ಸಾಲಾಗಿ ಕಂದು ಲಕೋಟೆಗಳು. ಕೊಬ್ಬರಿ ಮಂಡಿಗಳ ಕ್ಯಾಲೆಂಡರು, ಬೆಂಕಿಪೊಟ್ಟಣದ ಚೀಟಿ, ಲಗ್ನಪತ್ರಿಕೆ, ಪತ್ರಿಕೆಯಿಂದ ಕತ್ತರಿಸಿದ ಫೋಟೋ, ಸೀರೆಯ ಅಂಚಿನ ತುಂಡು, ಎಲ್ಲವನ್ನೂ ವಿಂಗಡಿಸಿ ಇಟ್ಟಿದ್ದರು. ಲಕೋಟೆಗಳ ಮೇಲೆ ಅವರ ದುಂಡನೆಯ ಅಕ್ಷರ: "ಕೈ – ಏನನ್ನೋ ಹಿಡಿದದ್ದು". "ಕೈ – ಖಾಲಿ". "ಕೂತವರು". "ಕೂತಲ್ಲೇ ನಿದ್ದೆಹೋದವರು". "ಹೊರೆ – ತಲೆಯ ಮೇಲೆ". "ಹೊರೆ – ಸೈಕಲ್ಲಿನ ಮೇಲೆ". ತುಂಬಿದ ಬಿಂದಿಗೆ ಹೊತ್ತವಳ ಸೊಂಟ ಯಾವ ಕಡೆ ವಾಲುತ್ತದೆ ಎಂದು ಯಾರಾದರೂ ಕೇಳಿದರೆ ಅವರು ಉತ್ತರ ಹೇಳುತ್ತಿರಲಿಲ್ಲ. ಎದ್ದು ಹೋಗಿ ಲಕೋಟೆ ತಂದು ಮುಂದಿಟ್ಟು, ಸೆರಗಿನಿಂದ ಮೇಜು ಒರೆಸಿ, ತಮ್ಮ ಜಾಗಕ್ಕೆ ಹಿಂದಿರುಗುತ್ತಿದ್ದರು.

ಬಾಗಿಲ ಪಕ್ಕದ ಗೋಡೆಗೆ ಒಂದು ಕರಿಹಲಗೆ. ಅದರ ನೆತ್ತಿಯಲ್ಲಿ ಬಿಳಿ ಎಣ್ಣೆಬಣ್ಣದಲ್ಲಿ "ಈ ವಾರ" ಎಂದು ಬರೆದಿತ್ತು. ದೊಡ್ಡ ಊರುಗಳ ಕಲಾಶಾಲೆಗಳಲ್ಲಿ ಇಂಥ ಹಲಗೆಯ ಮೇಲೆ ಪ್ರದರ್ಶನ, ಶಿಬಿರ, ಉಪನ್ಯಾಸಗಳ ವಿವರ ಇರುತ್ತದಂತೆ. ಅರಸೀಕೆರೆಯಲ್ಲಿ ಆರ್ಟ್ ಗ್ಯಾಲರಿ ಎಲ್ಲಿಂದ ಬರಬೇಕು? ಬೇಲೂರಿನಲ್ಲಿ ಎಂದಾದರೊಮ್ಮೆ ದೀಪ ಹಾಕಿ ನೃತ್ಯ ಮಾಡಿಸುತ್ತಾರೆ, ಹಾಸನದಲ್ಲಿ ಅಪರೂಪಕ್ಕೆ ಒಂದು ಪ್ರದರ್ಶನ. ಅವೂ ಹಲಗೆಯ ಮೇಲೆ ಬರುತ್ತಿದ್ದವು. ಉಳಿದ ವಾರಗಳಿಗೆ ಕಾರ್ಯಕ್ರಮಗಳನ್ನು ಮೇಡಂ ತಾವೇ ಹುಡುಕುತ್ತಿದ್ದರು. ಬಸ್ ಕಂಡಕ್ಟರುಗಳು, ಹೂ ಮಾರುವವರು, ನಮ್ಮ ತಾಯಂದಿರು ಅವರಿಗೆ ಸುದ್ದಿ ಕೊಡುತ್ತಿದ್ದರು. ನನ್ನ ಅಕ್ಷರದ ಸಾಲು ಬಾಗುವುದಿಲ್ಲವೆಂದು ಮೊದಲ ವರ್ಷದಲ್ಲೇ ಸೀಮೆಸುಣ್ಣ ನನ್ನ ಕೈಗೆ ಕೊಟ್ಟಿದ್ದರು. ಪ್ರತಿ ಸೋಮವಾರ ಅವರು ಹೇಳುವುದು, ನಾನು ಬರೆಯುವುದು. ಬರೆದದ್ದನ್ನೆಲ್ಲ ಮನೆಗೆ ಹೋಗಿ ದಿನಚರಿಯಲ್ಲಿ ಇಳಿಸಿದ್ದೇನೆ.

"ಬುಧವಾರ. ಜಾವಗಲ್ ಬಸ್ ಸ್ಟ್ಯಾಂಡ್ ಎದುರು. ಹೋಟೆಲಿನ ಗೋಡೆಗೆ ಹೆಸರು ಬರೆಯುತ್ತಾರೆ. ಸುಣ್ಣ ಒಣಗಿದ ಮೇಲೆ ಶುರು."

"ಶುಕ್ರವಾರ. ಹಾರನಹಳ್ಳಿ. ಮದುವೆಮನೆಯಲ್ಲಿ ಅಕ್ಕ ತಂಗಿ ಇಬ್ಬರು ಹಸೆ ಬರೆಯುತ್ತಾರೆ. ಚಪ್ಪಲಿ ಬೀದಿಯಲ್ಲೇ ಬಿಡಿ."

"ಶನಿವಾರ. ಗೆಂಡೆಹಳ್ಳಿ. ಹೊಸ ಮನೆಯ ಬಾಗಿಲಿಗೆ ಕಮಲ ಕೆತ್ತುತ್ತಾರೆ. ದಳ ಎಣಿಸಬೇಡಿ, ಉಳಿ ನೋಡಿ."

ಜಾವಗಲ್ಲಿಗೆ ನಾವು ನಾಲ್ವರು ಹೋಗಿದ್ದೆವು. ಏಣಿಯ ಮೇಲಿದ್ದ ಪೇಂಟರು ಒಮ್ಮೆ ತಿರುಗಿ ನೋಡಿದ. ಇನ್ನೊಮ್ಮೆ ನೋಡಿದ. ಮೂರನೆಯ ಸಲ ಕೆಳಗಿಳಿದೇ ಬಂದ.

"ಏನ್ರಪ್ಪಾ, ಪಂಚಾಯ್ತಿಯೋರಾ? ಲೈಸೆನ್ಸು ಓನರ್ ತಾವ ಐತೆ, ಕೇಳ್ಕಳಿ."

"ಇಲ್ಲ ಅಣ್ಣ, ನೋಡಕ್ಕೆ ಬಂದಿದೀವಿ."

"ಏನ್ ನೋಡಕ್ಕೆ?"

"ನೀವು ಬರಿಯೋದನ್ನ."

ಅವನು ಜೋರಾಗಿ ನಕ್ಕು ಏಣಿ ಹತ್ತಿದ. ಆದರೆ ಸ್ವಲ್ಪ ಹೊತ್ತು ಕುಂಚ ಗೋಡೆಗೆ ತಾಗಲಿಲ್ಲ. "ಯಾರೂ ನೋಡ್ದೆ ಇದ್ರೆ ಸಲೀಸಾಗ್ ಬತ್ತದೆ. ನೀವ್ ಹಿಂಗ್ ನಿಂತ್ಕಂಡ್ರೆ ಹಸೆ ಮೇಲೆ ಕೂರ್ಸ್ದಂಗ್ ಆಯ್ತದೆ ನಂಗೆ" ಎಂದ. ಆಮೇಲೆ ನೀಲಿ ಪುಡಿ ಸವರಿದ ದಾರವನ್ನು ಗೋಡೆಗೆ ಬಿಗಿದು ಗೆರೆ ಹೊಡೆಯಲು ಇನ್ನೊಂದು ತುದಿ ಹಿಡಿಯುವವರು ಬೇಕಾದರು. "ಲೋ ಉದ್ದನೆಯವನೆ, ಬಾ ಇಲ್ಲಿ" ಎಂದು ಶಿವುವನ್ನು ಕರೆದ. ಅಲ್ಲಿಂದ ಸಂಜೆಯವರೆಗೂ ಅವನ ಬಾಯಿ ನಿಲ್ಲಲಿಲ್ಲ, ಕೈಯೂ ನಿಲ್ಲಲಿಲ್ಲ.

ಮರುದಿನ ನಾನು ನಡೆದದ್ದನ್ನೆಲ್ಲ ಕ್ರಮವಾಗಿ ಮೇಡಂಗೆ ಒಪ್ಪಿಸಿದೆ. ಅವರು ಕೇಳಿದ್ದು ಒಂದೇ.

"ದಾರದ ಆ ತುದಿ ಯಾರು ಹಿಡಿದಿದ್ರು?"

"ಶಿವು."

"ಹಾಗಾದ್ರೆ ಅವನನ್ನ ಕರಿ. ಅವನು ಹೇಳ್ಲಿ."

ಹೋಗಿ ಬಂದವರು ಬರೆದು ತಂದ ಚಿತ್ರಗಳು ಗ್ರಂಥಾಲಯಕ್ಕೇ ಸೇರಬೇಕು ಎಂಬುದು ಅವರ ನಿಯಮ. ಅವಕ್ಕೂ ಲಕೋಟೆ ಇತ್ತು: "ಬರೆಯುವುದು", "ಕೆತ್ತುವುದು", "ಹೆಣೆಯುವುದು", "ಕಟ್ಟುವುದು". ಮುಗಿದ ವಸ್ತುವನ್ನು ಬರೆದು ತಂದರೆ ಅವರಿಗೆ ಅಷ್ಟೇನೂ ಸಂತೋಷವಾಗುತ್ತಿರಲಿಲ್ಲ. ಅರ್ಧವಾದಾಗ ಬರೆದ ಚಿತ್ರವಾದರೆ ಕನ್ನಡಕ ತೆಗೆದು, ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡುತ್ತಿದ್ದರು.

ಇದಕ್ಕೆ ಕಾರಣ ನನಗೆ ತಿಳಿದದ್ದು ಹಳೇಬೀಡಿನಲ್ಲಿ. ವರ್ಷಕ್ಕೊಮ್ಮೆ ಮೇಡಂ ನಮ್ಮ ಜೊತೆ ಬರುತ್ತಿದ್ದುದು ಅಲ್ಲಿಗೆ ಮಾತ್ರ. ಪ್ರವಾಸಿಗಳು ಗೈಡಿನ ಹಿಂದೆ ದೊಡ್ಡ ವಿಗ್ರಹಗಳ ಮುಂದೆ ಗುಂಪುಗೂಡಿದ್ದರು. ಮೇಡಂ ನಮ್ಮನ್ನು ಗೋಡೆಯ ಒಂದು ಮೂಲೆಗೆ ಕರೆದುಕೊಂಡು ಹೋದರು. ಅಲ್ಲಿ ಬಳ್ಳಿಯ ಸುರುಳಿ ಅರ್ಧಕ್ಕೆ ನಿಂತಿತ್ತು. ಮುಂದಿನದು ಬರೀ ಗುರುತು ಮಾಡಿದ ಕಲ್ಲು.

"ಈ ಗುಡಿ ಬಗ್ಗೆ ನಮ್ಮ ಬೀರೂಲಿ ಎಷ್ಟೊಂದು ಪುಸ್ತಕ ಇದೆ ನೋಡಿದೀರಲ್ಲ" ಎಂದರು. "ಇಲ್ಲಿ ಉಳಿ ಕೆಳಗಿಟ್ಟು ಎದ್ದವನು ಅದನ್ನ ಹೇಗೆ ಹಿಡಿದಿದ್ದ ಅಂತ ಒಂದರಲ್ಲೂ ಇಲ್ಲ. ಅವನ ಪಕ್ಕ ಯಾರೋ ಒಬ್ರು ಕೂತು ನೋಡಿ ಬರೆದಿಟ್ಟಿದ್ರೆ?"

ಅವರು ಆ ಖಾಲಿ ಕಲ್ಲಿನ ಕಡೆ ಕೈ ಚಾಚಿ, ಮುಟ್ಟದೆ, ಹಿಂತೆಗೆದುಕೊಂಡರು. "ಸರಿ, ಬರೀರಿ. ಬಿಸಿಲು ಏರುತ್ತೆ" ಎಂದರು.

ಅನಾಹುತ ನಡೆದದ್ದು ನನ್ನ ಎರಡನೇ ವರ್ಷದ ಮಾಘದಲ್ಲಿ.

ಆ ಬೆಳಿಗ್ಗೆ ಚಪ್ಪರದಜ್ಜ ಶಾಲೆಯ ಮುಂದೆ ಗಾಡಿಯಲ್ಲಿ ಬಿದಿರು ಹೇರಿಕೊಂಡು ಹೋಗುತ್ತಿದ್ದ. ಮದುವೆಗೆ ಚಪ್ಪರ, ಗೌರಿಹಬ್ಬಕ್ಕೆ ಮಂಟಪ, ಎಲ್ಲಕ್ಕೂ ನಮ್ಮೂರಿನಲ್ಲಿ ಅವನೇ. ಗೇಟಿನ ಬಳಿ ಇದ್ದ ಮೇಡಂ, "ಎಲ್ಲಿಗಜ್ಜ ಇಷ್ಟೊಂದು ಬಿದಿರು?" ಎಂದರು.

"ಕೊಬ್ಬರಿ ಮಂಡಿ ಯಜಮಾನ್ರು ಹೋಗ್ಬುಟ್ರಲ್ಲ ಅಮ್ಮಾವ್ರೆ. ವಿಮಾನ ಕಟ್ಬೇಕು."

ನಮ್ಮ ಕಡೆ ಕೆಲವು ಮನೆತನಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಒಯ್ಯುತ್ತಾರೆ. ಅದಕ್ಕೆಂದು ಬಿದಿರು, ಬಾಳೆದಿಂಡು, ಬಣ್ಣದ ಕಾಗದ, ಹೂಗಳಿಂದ ಗೋಪುರವಿರುವ ಪುಟ್ಟ ಮಂಟಪ ಕಟ್ಟುತ್ತಾರೆ. ಅದೇ ವಿಮಾನ. ಕೆಲವೇ ಗಂಟೆಗಳಲ್ಲಿ ಕಟ್ಟಿ ಮುಗಿಸಬೇಕು, ಅದೇ ದಿನ ಸಮಾಧಿಯ ಬಳಿ ಬಿಚ್ಚಿಹಾಕಬೇಕು. ಅದರ ಚಿತ್ರ ಯಾವ ಲಕೋಟೆಯಲ್ಲೂ ಇರಲಿಲ್ಲ.

ಮೇಡಂ ಸರಸರನೆ ಒಳಗೆ ಬಂದು ನನ್ನನ್ನು ಕರೆದರು. ಸೋಮವಾರವಲ್ಲದ ದಿನ ಹಲಗೆಗೆ ಬರೆಸಿದ್ದು ಅದೇ ಮೊದಲು. "ಇವತ್ತು. ಮಂಡಿ ಯಜಮಾನರ ಮನೆ. ವಿಮಾನ ಕಟ್ಟುತ್ತಾರೆ. ಬಿದಿರು ಸೀಳುವ ಮೊದಲು ಹೋಗಿ."

ಒಂಬತ್ತು ಜನ ಹೋದೆವು. ಎದುರುಮನೆಯ ಜಗಲಿಯ ಮೇಲೆ ತೊಡೆಗೆ ಹಲಗೆ ಆನಿಸಿಕೊಂಡು ಕೂತೆವು. ಅಜ್ಜ ಬಿದಿರನ್ನು ಕಾಲಬೆರಳಲ್ಲಿ ಒತ್ತಿಹಿಡಿದು ಸೀಳುವುದು, ಸೀಳನ್ನು ಬಾಗಿಸಿ ಗೋಪುರದ ಕಮಾನು ಮಾಡುವುದು, ನಾರಿನ ಹಗ್ಗದ ಗಂಟು, ಎಲ್ಲವನ್ನೂ ಹಂಚಿಕೊಂಡು ಬರೆಯುತ್ತಿದ್ದೆವು. ಯಜಮಾನರ ಮಗ ನೆಂಟರನ್ನು ಬರಮಾಡಿಕೊಳ್ಳಲು ಹೊರಗೆ ಬಂದವರು ನಮ್ಮನ್ನು ಕಂಡರು. ಬೀದಿ ದಾಟಿ ಬಂದರು. ಕಣ್ಣು ಕೆಂಪಾಗಿತ್ತು.

"ಯಾರು ನೀವು? ಯಾರು ಕರೆದ್ರು ನಿಮ್ಮನ್ನ?"

ಶಿವು ತೊಡೆಯ ಮೇಲಿನ ಹಲಗೆಯನ್ನು ಮಗುಚಿಟ್ಟ.

"ನಮ್ಮಪ್ಪ ಹೋಗವ್ರೆ. ಇದೇನು ನಿಮಗೆ ನಾಟಕನಾ, ಜಗಲಿ ಮೇಲೆ ಕೂತು ನೋಡಕ್ಕೆ? ಏಳಿ ಮೇಲೆ."

ನಾವು ಎದ್ದು ಬಂದೆವು.

ಕೆಲವು ದಿನ ಬಿಟ್ಟು ಯಜಮಾನರ ಮಗ ಗ್ರಂಥಾಲಯಕ್ಕೇ ಬಂದರು, ಹಣೆಯ ತುಂಬ ವಿಭೂತಿ. ನಾನು ಒಳಗೆ ಕೂತಿದ್ದೆ. ಮೇಡಂ ಎದ್ದು ನಿಂತರು. ಅವರು ಯಾರಿಗಾದರೂ ಎದ್ದು ನಿಂತದ್ದನ್ನು ನಾನು ನೋಡಿರಲಿಲ್ಲ.

"ಒಳಗೆ ಬನ್ನಿ" ಎಂದರು.

"ಒಳಗೆ ಬರಕ್ಕೆ ಬಂದಿಲ್ಲ. ನಿಮ್ಮ ಹುಡುಗ್ರು ನಮ್ಮಪ್ಪನ್ನ ಬರ್ಕೊಂಡ್ರಾ?"

"ಇಲ್ಲ. ಯಜಮಾನರನ್ನ ಯಾರೂ ಬರೆದಿಲ್ಲ."

"ನಾನ್ ಹೆಂಗ್ ನಂಬ್ಲಿ?"

"ನಂಬಿ ಅಂತ ಹೇಳಲ್ಲ. ಕೇಳದೆ ಕಳಿಸಿದ್ದು ನನ್ನ ತಪ್ಪು. ಹುಡುಗರದಲ್ಲ."

"ನಿಮ್ಮನೇಲಿ ಸಾವಾದಾಗ ನಾವೂ ಹಿಂಗೇ ಪುಸ್ತಕ ಹಿಡ್ಕೊಂಡು ಬಂದು ಕೂರ್ಬೋದಾ?" ಎಂದರು ಅವರು. ಮೇಡಂ ತಲೆ ತಗ್ಗಿಸಿದರು. ಆತ ನೇರ ಪ್ರಿನ್ಸಿಪಾಲರ ಕೋಣೆಗೆ ಹೋದರು.

ಪ್ರಿನ್ಸಿಪಾಲರು ಕೆಟ್ಟವರಲ್ಲ. ಸಂಜೆ ಗ್ರಂಥಾಲಯಕ್ಕೆ ಬಂದು, ಕೈ ತೊಳೆದು, ಕೂತರು. "ನಿಮ್ಮ ಉದ್ದೇಶ ನನಗೆ ಗೊತ್ತು ಮೇಡಂ. ಊರಿಗೆ ಹೇಗೆ ಗೊತ್ತಾಗಬೇಕು? ಇನ್ನು ಮೇಲೆ ಲೆಟರ್‌ಹೆಡ್ಡಿನ ಮೇಲೆ, ಸೀಲು ಹಾಕಿ ಆಹ್ವಾನ ಬಂದರೆ ಮಾತ್ರ ಹಲಗೆಗೆ ಬರೆಸಿ" ಎಂದರು. ಹಸೆ ಬರೆಯುವ ಅಕ್ಕತಂಗಿಯರ ಬಳಿ ಲೆಟರ್‌ಹೆಡ್ ಎಲ್ಲಿರುತ್ತದೆ? ಪ್ರಿನ್ಸಿಪಾಲರು ಹೋದ ಮೇಲೆ ನಾನು ಕೋಪದಲ್ಲಿ ಅದನ್ನೇ ಹೇಳಿದೆ. ಮೇಡಂ ಖಾನೆಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದರು.

"ಮಂಡಿಯವರು ಕೇಳಿದ್ದು ಸರಿ ಇದೆ ಕಣೇ. ಯಾರು ಕರೆದ್ರು? ಇಷ್ಟು ವರ್ಷ ಅದನ್ನ ನಾನು ನನಗೇ ಕೇಳ್ಕೊಂಡಿರ್ಲಿಲ್ಲ. ನೋಡೋದು ಒಳ್ಳೇದು ಅಂತ ನನಗೆ ಅನ್ನಿಸಿದ್ರೆ ಸಾಕು ಅಂದ್ಕೊಂಡಿದ್ದೆ."

ಮುಂದಿನ ಸೋಮವಾರ ನಾನು ಸೀಮೆಸುಣ್ಣ ಹಿಡಿದು ನಿಂತೆ. "ಬರಿ" ಎಂದರು. "ಈ ವಾರ ಯಾರೂ ಕರೆದಿಲ್ಲ."

ಅದರ ಮುಂದಿನ ವಾರವೂ ಅದನ್ನೇ ಬರೆದೆ. ಅದರ ಮುಂದಿನ ವಾರವೂ. ಹುಡುಗರು ಮೊದಮೊದಲು ನಕ್ಕರು, ಆಮೇಲೆ ಹಲಗೆಯ ಕಡೆ ನೋಡುವುದನ್ನೇ ಬಿಟ್ಟರು. ಬಸ್ ಕಂಡಕ್ಟರುಗಳು ಸುದ್ದಿ ತರುವುದನ್ನು ಬಿಟ್ಟರು. ಮೇಡಂ ಪುಸ್ತಕ ಕೊಡುತ್ತಿದ್ದರು, ವಾಪಸ್ಸು ತೆಗೆದುಕೊಳ್ಳುತ್ತಿದ್ದರು, ಅಂಗೈಯನ್ನೂ ನೋಡುತ್ತಿದ್ದರು. ಆದರೆ "ತಿರುಗ್ಸು" ಎನ್ನುತ್ತಿರಲಿಲ್ಲ. ಒಂದು ದಿನ, "ಯುಗಾದಿವರೆಗೆ ನೋಡೋಣ. ಅಷ್ಟರಲ್ಲಿ ಯಾರೂ ಕರೀದಿದ್ರೆ ಇದನ್ನ ಇಳಿಸಿ ಮೊದಲನೇ ವರ್ಷದವರಿಗೆ ಕೊಟ್ಬಿಡು. ಖಾಲಿ ಹಲಗೆ ನೇತುಹಾಕಿಕೊಂಡು ಕೂರೋದು ಮುನಿಸು ತೋರಿಸಿದ ಹಾಗಾಗುತ್ತೆ" ಎಂದರು. ಅವರು ಅಂದದ್ದನ್ನು ಮಾಡುವವರೆಂದು ನನಗೆ ಗೊತ್ತಿತ್ತು.

ಯುಗಾದಿಗೆ ಇನ್ನೇನು ವಾರವಿದೆ ಎನ್ನುವಾಗ ಜಾವಗಲ್ಲಿನ ಪೇಂಟರು ಬಂದ. ಬಗಲಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಅಗಲವಾದ ವಸ್ತು. ಶಿವು ಅವನ ಜೊತೆ ರಜೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಅವನಿಂದ ಎಲ್ಲ ಗೊತ್ತಾಗಿತ್ತು.

"ಏನ್ ಮೇಡಮ್ಮೋರೇ, ಹುಡುಗ್ರು ನನ್ನ ಗೋಡೆ ನೋಡಕ್ಕೂ ಕಾಗ್ದ ಬೇಕಂತೆ?"

"ಹೌದಪ್ಪ. ಕರೆದ್ರೇ ಬರಬೇಕು."

"ಕರೀದೆ ಏನು? ನನ್ ತಾವ ಕಾಗ್ದ ಇಲ್ಲ. ತಗಡಾದ್ರೆ ನಡೀತದಾ ಕೇಳಿ ನಿಮ್ ಸಾಹೇಬ್ರನ್ನ" ಎಂದು ಸೀರೆ ಬಿಚ್ಚಿದ.

ಹಳದಿ ಬಳಿದ ತಗಡು. ಅದರ ಮೇಲೆ ಕೆಂಪು ಅಕ್ಷರ, ಅಕ್ಷರಕ್ಕೆ ನೀಲಿ ನೆರಳು. "ಚಿತ್ರಕಲಾ ಶಾಲೆ ಮಕ್ಕಳಿಗೆ. ಬರುವ ಸೋಮವಾರ ಅಕ್ಕಿ ಗಿರಣಿ ಗೋಡೆ ಬರೆಯುತ್ತೇನೆ. ಎಲ್ಲರೂ ಬರಬೇಕು. ಬರದಿದ್ದರೆ ಬೇಜಾರು." ಸುತ್ತಲೂ ಬಳ್ಳಿ, ನಾಲ್ಕು ಮೂಲೆಗೆ ನಾಲ್ಕು ಗಿಳಿ.

ತಗಡನ್ನು ಪ್ರಿನ್ಸಿಪಾಲರ ಕೋಣೆಗೆ ಒಯ್ದೆವು; ಅವರು ಅದನ್ನು ತಿರುಗಿಸಿ ಹಿಂದೆಯೂ ನೋಡಿದರು. "ಸೀಲು?" ಎಂದರು, ನಗು ತಡೆದುಕೊಂಡು.

"ಆ ನೆರಳು ನೋಡಿ ಸಾ. ಹಂಗೆ ಹಾಕೋನು ಈ ಸೀಮೇಗೇ ಒಬ್ನೇ. ಅದ್ಕಿಂತ ಸೀಲ್ ಬೇಕಾ?"

ಆ ತಗಡು ಈಗಲೂ ಗ್ರಂಥಾಲಯದಲ್ಲಿದೆ, ಹಲಗೆಯ ಪಕ್ಕದಲ್ಲೇ.

ಅಂದಿನಿಂದ ಹಲಗೆಯ ಮೇಲೆ ಪ್ರತಿ ಕಾರ್ಯಕ್ರಮದ ಕೆಳಗೂ ಒಂದು ಸಾಲು ಹೆಚ್ಚಾಯಿತು: "ಕರೆದವರು". ಮೊದಲು ಸುದ್ದಿ ತಿಳಿದ ಕೂಡಲೇ ಬರೆಸುತ್ತಿದ್ದ ಮೇಡಂ ಈಗ ಶನಿವಾರಗಳಲ್ಲಿ ತಾವೇ ಬಸ್ಸು ಹತ್ತಿ ಹೋಗಿ ಕೇಳಿಕೊಂಡು ಬರುತ್ತಿದ್ದರು. ಎಲ್ಲರೂ ಒಪ್ಪಲಿಲ್ಲ. ಅಕ್ಕಸಾಲಿಯೊಬ್ಬರು, "ನೋಡಿದ್ರೆ ದೃಷ್ಟಿ ಆಯ್ತದೆ" ಎಂದು ನೇರವಾಗಿ ಹೇಳಿ ಕಳಿಸಿದರು. ಮೇಡಂ ಅವರ ಅಂಗಡಿಯಲ್ಲಿ ಒಂದು ಜೊತೆ ಕಾಲುಂಗುರ ನೋಡಿ, ಚೆನ್ನಾಗಿದೆ ಎಂದು ಹೇಳಿ ಎದ್ದು ಬಂದರಂತೆ. ಹಸೆ ಬರೆಯುವ ತಂಗಿ ಮಾತ್ರ, "ಅಯ್ಯೋ, ಇಷ್ಟ್ ದಿನ ಸುಮ್ನೆ ಬತ್ತಿದ್ರು, ಈಗೇನಮ್ಮ ಹೊಸ ಶಾಸ್ತ್ರ?" ಎಂದು ಗದರಿದಳು. ಆದರೆ ಮುಂದಿನ ಮದುವೆಗೆ ಕುಂಕುಮ ಕೊಟ್ಟು ಕರೆದಳು. ನಾವು ಜಗಲಿಯಿಂದ ನೋಡುತ್ತಿದ್ದವರು ಆ ಮದುವೆಯಲ್ಲಿ ಹಸೆಯ ಪಕ್ಕದಲ್ಲೇ ಕೂತೆವು.

ಅದೇ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮಂಡಿ ಯಜಮಾನರ ಮಗ ಮತ್ತೆ ಬಂದರು. ನಾನು ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದೆ. ಹೊರಗೆ ಚೊಂಬಿನ ಸದ್ದು ಕೇಳಿಸಿತು. ಕೈ ತೊಳೆದು, ಒರೆಸಿಕೊಂಡು, ಹೊಸ್ತಿಲ ಮೇಲೆ ನಿಂತರು.

"ಅವತ್ತು ಹುಡುಗ್ರು ಬರೆದಿದ್ರಲ್ಲ... ಅದು ಐತಾ?"

ಮೇಡಂ "ಕಟ್ಟುವುದು" ಲಕೋಟೆ ತೆಗೆದು ಚಿತ್ರಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದರು. ಅಜ್ಜನ ಕಾಲಬೆರಳು ಮತ್ತು ಬಿದಿರು. ಗಂಟುಗಳು. ಬಾಗಿದ ಸೀಳು. ಅರ್ಧ ಎದ್ದ ಗೋಪುರ. ಕೊನೆಯ ಹಾಳೆ ಶಿವುವಿನದು. ನಮ್ಮನ್ನು ಎಬ್ಬಿಸಿದಾಗ ಗೆರೆ ಅಲ್ಲೇ ನಿಂತಿತ್ತು. ಯಜಮಾನರ ಮುಖ ಯಾವುದರಲ್ಲೂ ಇರಲಿಲ್ಲ.

ಅವರು ಕೂರದೆ, ನಿಂತೇ ನೋಡಿದರು.

"ಇಡೀ ದಿನ ಅಲ್ಲೇ ಇದ್ದೆ ನಾನು" ಎಂದರು. "ವಿಮಾನಕ್ಕೆ ಹೆಗಲೂ ಕೊಟ್ಟೆ. ಹೆಂಗಿತ್ತು ಅಂತ ಅವ್ವ ಕೇಳಿದ್ಲು ಮೊನ್ನೆ. ಹೆಂಗಸ್ರು ಒಳಗಿದ್ರಲ್ಲ. ನಂಗೆ ಒಂದೂ ಗ್ಯಾನ ಇಲ್ಲ. ಏನೂ ಕಂಡಿಲ್ಲ ಅವತ್ತು."

"ತಗೊಂಡು ಹೋಗಿ ತೋರಿಸಿ" ಎಂದರು ಮೇಡಂ.

"ಬ್ಯಾಡಿ. ಅರ್ಧಕ್ಕೆ ಎಬ್ಬಿಸ್ದೋನು ನಾನೇ. ಇಲ್ಲೇ ಇರ್ಲಿ. ಅವ್ವನ್ನೇ ಕರ್ಕೊಂಡ್ ಬತ್ತೀನಿ."

ಕರೆದುಕೊಂಡು ಬಂದರು. ಆ ದಿನ ನಾನು ಇರಲಿಲ್ಲ. ಆ ತಾಯಿಗೂ ಕೈ ತೊಳೆಸಿದರೇ ಎಂದು ಶಿವು ಕೇಳಿದ್ದಕ್ಕೆ ಮೇಡಂ, "ಅವರೇ ತೊಳ್ಕೊಂಡ್ರು ಕಣೋ, ನಿನ್ನ ಹಾಗಲ್ಲ" ಎಂದರು.

ಈ ವರ್ಷ ದಸರಾ ಆದ ಮೇಲೆ ಮೇಡಂ ಕೆಲಸಕ್ಕೆ ಬರಲಿಲ್ಲ. ಕಾಯಿಲೆ ದೊಡ್ಡದೆಂದು ಅವರ ಅಣ್ಣ ಪ್ರಿನ್ಸಿಪಾಲರಿಗೆ ಹೇಳಿದ್ದರು, ನಮಗೆ ಯಾರೂ ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ನನ್ನ ಫೋನು ಬಡಿದುಕೊಳ್ಳುತ್ತಿತ್ತು. "ಈ ವಾರ ಯಾರು ಕರೆದಿದಾರೆ?" ಎಂದು ಕೇಳಿ, ನಾನು ಓದಿದ್ದನ್ನು ಕೇಳಿಸಿಕೊಂಡು, ಎರಡು ಮಾತು ತಿದ್ದಿ ಇಡುತ್ತಿದ್ದರು. ಬರಬರುತ್ತ ತಿದ್ದುವುದು ನಿಂತಿತು. ಕೇಳುವುದು ನಿಲ್ಲಲಿಲ್ಲ.

ಕಾರ್ತಿಕದ ಒಂದು ಭಾನುವಾರ ನೋಡಲು ಹೋದೆ. ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಬಹಳ ಸಣ್ಣಗಾಗಿದ್ದರು. ಬಾಗಿಲಲ್ಲೇ ನಿಂತೆ.

"ಕೈ ತೋರ್ಸು" ಎಂದರು.

ಚಾಚಿದೆ. ತಾವೇ ಹಿಡಿದು ತಿರುಗಿಸಿ ನೋಡಿದರು. ಉಗುರಿನಲ್ಲಿ ಇದ್ದಿಲಿತ್ತು. ತೊಳೆದು ಬಾ ಎನ್ನದೆ ನನ್ನ ಕೈಯನ್ನು ಹಾಗೇ ಹಿಡಿದುಕೊಂಡಿದ್ದರು, ನಿದ್ದೆ ಬರುವವರೆಗೂ.

ಆಮೇಲೆ ಒಂದು ಬೆಳಿಗ್ಗೆ ನಾನು ಶಾಲೆಗೆ ಬರುವಾಗ ಚಪ್ಪರದಜ್ಜ ಗೇಟಿನ ಬಳಿ ಸೈ‌ಕಲ್ಲು ಹಿಡಿದು ನಿಂತಿದ್ದ. ತಲೆಗೆ ಸುತ್ತಿದ್ದ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡ.

"ಅಮ್ಮಾವ್ರು ಹೋದ್ರು ಕಣವ್ವ, ಬೆಳಗಿನ ಜಾವ."

ಅಜ್ಜ ಹತ್ತಿರ ಬಂದ.

"ಮೊನ್ನೆ ನನ್ನ ಕರ್ಸಿ ಹೇಳವ್ರೆ. ನಂದು ಕಟ್ಟಾಗ ಹುಡುಗ್ರನ್ನ ಕರೀಬೇಕು, ನಾನೇ ಕರೆದೆ ಅಂತ ಹೇಳ್ಬೇಕು ಅಂತ. ಅವ್ರ ಅಣ್ಣಾರ್ಗೂ ಹೇಳವ್ರೆ. ಬೊಂಬು ಅಂಗಳದಾಗೆ ಹಾಕ್ಸಿವ್ನಿ, ಇನ್ನೂ ಕತ್ತಿ ಮುಟ್ಸಿಲ್ಲ. ಬಿರ್ರನೆ ಬನ್ನಿ."

ಕೊಡದಲ್ಲಿ ನೀರಿತ್ತು. ಕೈ ತೊಳೆದು, ಒರೆಸಿಕೊಂಡು, ಸೀಮೆಸುಣ್ಣ ತೆಗೆದುಕೊಂಡೆ.

"ಇವತ್ತು. ಮೇಡಂ ಮನೆ. ವಿಮಾನ ಕಟ್ಟುತ್ತಾರೆ. ಬಿದಿರು ಸೀಳುವ ಮೊದಲು ಹೋಗಿ. ಕರೆದವರು: ಮೇಡಂ."

ಹಿಂದೆ ಪ್ರಿನ್ಸಿಪಾಲರು ಬಂದು ನಿಂತದ್ದು ನನಗೆ ತಿಳಿದಿರಲಿಲ್ಲ. ಓದಿದರು. "ಹೊರಡಿ. ಹಾಜರಿ ನಾನು ನೋಡ್ಕೋತೀನಿ" ಎಂದರು. ಸ್ವಲ್ಪ ಹೊತ್ತಿಗೆ ಅವರೂ ನಮ್ಮ ಹಿಂದೆಯೇ ಬಂದರು.

ಆ ದಿನ ಎಷ್ಟು ಜನ ಹೋದೆವು ಎಂದು ನನ್ನ ದಿನಚರಿಯಲ್ಲಿ ಇಲ್ಲ. ಅಂಗಳದಲ್ಲಿ ನಮಗೆಂದು ಚಾಪೆ ಹಾಸಿದ್ದರು. ಮೇಡಂ ಅವರನ್ನು ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ವಿಭೂತಿ, ಮಡಿಲಲ್ಲಿ ಹೂವು. ಕನ್ನಡಕ ಇರಲಿಲ್ಲ. ಅಜ್ಜ ನಮ್ಮ ಕಡೆ ಒಮ್ಮೆ ನೋಡಿ, ಬಿದಿರನ್ನು ಕಾಲಬೆರಳಲ್ಲಿ ಒತ್ತಿ, ಕತ್ತಿ ಇಟ್ಟ. ಆ ಸೀಳುವ ಸದ್ದಿಗೆ ಅಳುತ್ತಿದ್ದವರು ಕೂಡ ತಿರುಗಿದರು. ಈ ಸಲ ಅವನು ಕೆಲಸದ ನಡುವೆ ಮಾತಾಡುತ್ತಿದ್ದ, ಮೆಲ್ಲಗೆ, ಪಾಠ ಒಪ್ಪಿಸುವವನ ಹಾಗೆ. "ಇದು ಹಸಿ ಬೊಂಬು, ಬಗ್ತದೆ. ಒಣಗಿದ್ದು ಬಗ್ಗಲ್ಲ, ಮುರೀತದೆ. ಗಂಟು ಒಳಮುಖಕ್ಕೆ ಬರ್ಬೇಕು, ಹೊರೋರ ಹೆಗಲಿಗೆ ಚುಚ್ಚಬಾರ್ದು ನೋಡಿ." ಜಾವಗಲ್ಲಿನ ಪೇಂಟರು ಬಣ್ಣದ ಕಾಗದ ಕತ್ತರಿಸಿ ಶಿವುವಿನ ಕೈಗೆ ಕೊಡುತ್ತಿದ್ದ. ಹಾರನಹಳ್ಳಿಯಿಂದ ಬಂದಿದ್ದ ಹಸೆಯ ಅಕ್ಕತಂಗಿಯರು ವಿಮಾನ ಇಡುವ ಜಾಗಕ್ಕೆ ನೀರು ಚಿಮುಕಿಸಿ, ಯಾರೂ ಹೇಳದಿದ್ದರೂ ಬೆರಳಲ್ಲಿ ಒಂದು ಗೆರೆ ಎಳೆದರು. ನಾವು ಬರೆಯುತ್ತಿದ್ದೆವು. ನನ್ನ ಹಾಳೆಯ ಮೇಲೆ ಎರಡು ಕಡೆ ಇದ್ದಿಲು ನೆನೆದು ಕಲೆಯಾಗಿದೆ. ಅದೂ ಲಕೋಟೆಗೇ ಸೇರಿದೆ.

ಗೋಪುರದ ತುದಿಗೆ ಅಜ್ಜ ಕೊನೆಯ ಗಂಟು ಬಿಗಿಯುವ ಹೊತ್ತಿಗೆ ಮೇಡಂ ಅವರನ್ನು ಒಳಗೆ ಕೂರಿಸಿ ಆಗಿತ್ತು. ಹೊರುವವರು ನಾಲ್ಕೂ ಕಡೆ ಬಗ್ಗಿ ಬೊಂಬಿಗೆ ಹೆಗಲು ಕೊಟ್ಟರು. ಮುಂದಿನ ಬಲಗಡೆ ಮಂಡಿ ಯಜಮಾನರ ಮಗ ಇದ್ದರು.

"ಹೊತ್ತಾಯ್ತು. ಎತ್ತಿ" ಎಂದರು ಮೇಡಂ ಅವರ ಅಣ್ಣ.

ಮಂಡಿಯವರು ಚಾಪೆಯ ಕಡೆ ತಿರುಗಿ ನೋಡಿದರು. ಹೆಗಲು ತೆಗೆದು ನೆಟ್ಟಗೆ ನಿಂತರು.

"ಒಂದ್ ಗಳಿಗೆ ತಡೀರಿ" ಎಂದರು. "ಹುಡುಗ್ರದು ಇನ್ನೂ ಮುಗಿದಿಲ್ಲ."